ಸ್ವಲ್ಪ ಕ್ಲಿಯರ್ ಮಾಡಿಕೊಡಿ

ಫೋಟೊದ ಫೋಟೊ ಒಂದು ವಾಟ್ಸಾಪ್‌ನಲ್ಲಿ ಬಂದು ಬೀಳುತ್ತದೆ. ಗೋಡೆಯಿಂದ ಕಟ್ಟು ಇಳಿಸುವ ಗೋಜಿಗೂ ಹೋಗದೆ, ಕೆಳಗೆ ನಿಂತು ಕೈ ಎತ್ತಿ ಹೊಡೆದದ್ದು. ಹಾಗಾಗಿ ಅಜ್ಜಿಯ ಗದ್ದ ಅಗಲ, ಹಣೆ ಕಿರಿದು. ಆ ಕಿರಿದಾದ ಹಣೆಯಲ್ಲಿ ಕುಂಕುಮ ಇರಬೇಕಾದ ಕಡೆ ಟ್ಯೂಬ್‌ಲೈಟು ಉರಿಯುತ್ತಿದೆ. ಗಾಜಿನೊಳಗೆ ಮೊಮ್ಮಗನ ಬನಿಯನ್ನು ಅರ್ಧ ಕಾಣುತ್ತದೆ. ಕೆಳಗೊಂದು ಸಾಲು: "ಸರ್, ಇದನ್ನ ಸ್ವಲ್ಪ ಕ್ಲಿಯರ್ ಮಾಡಿಕೊಡಿ. ನಾಳೆ ಬೆಳಿಗ್ಗೆ ಗೃಹಪ್ರವೇಶ."

ಈ 'ಸ್ವಲ್ಪ' ಇದೆಯಲ್ಲ, ಮೂರು ಜನರ ಬಸ್ಸಿನ ಸೀಟಿಗೆ ನಾಲ್ಕನೆಯವರು ಬಂದು "ಸ್ವಲ್ಪ ಸರೀರಿ" ಅನ್ನುತ್ತಾರಲ್ಲ, ಅದೇ ಸ್ವಲ್ಪ. ನಲವತ್ತು ವರ್ಷ ಅದೇ ಮೊಳೆಗೆ ನೇತಾಡಿದ ಅಜ್ಜಿಯ ಮೇಲಿನ ದೂಳನ್ನು ಒಬ್ಬರೂ ಒರೆಸಿರುವುದಿಲ್ಲ. ಹಿಂದೆ ಗೆದ್ದಲು ಮಣ್ಣಿನ ದಾರಿ ಕಟ್ಟಿಕೊಂಡು ಓಡಾಡಿದರೂ ಯಾರೂ ತಿರುಗಿಸಿ ನೋಡಿರುವುದಿಲ್ಲ. ಈಗ ಮಾತ್ರ ಅಜ್ಜಿ ರಾತ್ರೋರಾತ್ರಿ ಹೊಳೆಯಬೇಕು.

ಹಳೆಯ ಫೋಟೊ ಸರಿಮಾಡುವ ಕೆಲಸದಲ್ಲಿ ಒಂದು ಗೆರೆ ಇದೆ. ಅದರ ಈಚೆಗೆ ರಿಪೇರಿ, ಆಚೆಗೆ ಸುಳ್ಳು. ಆ ಗೆರೆ ಎಲ್ಲಿದೆ ಎಂದು ಹೇಳುವುದಕ್ಕೇ ಇಷ್ಟು ಪೀಠಿಕೆ. ಅದಕ್ಕೆ ಮೊದಲು ಕಟ್ಟನ್ನು ಗೋಡೆಯಿಂದ ಇಳಿಸೋಣ.

ಇಳಿಸಿದ ಕೂಡಲೇ ಹಿಂದಿನ ಮೊಳೆ ಕಿತ್ತು ಫೋಟೊ ಹೊರಗೆಳೆಯುವ ಉತ್ಸಾಹ ಕೆಲವರಿಗೆ. ತಡೆಯಿರಿ. ಹಳೆಯ ಕಪ್ಪುಬಿಳುಪು ಫೋಟೊದ ಮೇಲ್ಪದರ ಜೆಲಾಟಿನ್. ಮಳೆಗಾಲದ ತೇವಕ್ಕೆ ಅದು ಅಂಟಂಟಾಗುತ್ತದೆ, ಬೇಸಿಗೆಯಲ್ಲಿ ಒಣಗುವಾಗ ಗಾಜನ್ನು ಕಚ್ಚಿ ಹಿಡಿಯುತ್ತದೆ. ಮಲೆನಾಡಿನ, ಕರಾವಳಿಯ ಮನೆಗಳಲ್ಲಿ ಇಂಥ ಹತ್ತಾರು ಮಳೆಗಾಲ ಕಳೆದ ಫೋಟೊವನ್ನು ಎಳೆದರೆ ಕಾಗದ ಕೈಗೆ ಬರುತ್ತದೆ, ಮುಖ ಗಾಜಿನಲ್ಲೇ ಉಳಿಯುತ್ತದೆ. ಒದ್ದೆ ಬಟ್ಟೆ, ಬ್ಲೇಡು, ಹೇರ್ ಡ್ರೈಯರ್ ಯಾವುದೂ ಬೇಡ. ಗಾಜಿನ ಸಮೇತ ಸ್ಕ್ಯಾನರ್ ಮೇಲೆ ಮಗುಚಿಡಿ, ಅಷ್ಟೇ. ಅದಕ್ಕೂ ಸ್ಕ್ಯಾನರ್ ಯಾವುದೆಂದು ನೋಡಬೇಕು. ಯುಎಸ್‌ಬಿ ವಯರಿನಿಂದಲೇ ಕರೆಂಟು ಕುಡಿಯುವ ತೆಳ್ಳನೆಯ ಸಿಐಎಸ್ ಸ್ಕ್ಯಾನರುಗಳಿಗೆ ತಮ್ಮ ಗಾಜಿಗೆ ತಾಗಿದ್ದು ಮಾತ್ರ ಸ್ಪಷ್ಟ. ನಡುವೆ 2 ಮಿಲಿಮೀಟರ್ ಕಟ್ಟಿನ ಗಾಜು ಬಂದರೆ ಅಜ್ಜಿ ಮಂಜಿನೊಳಗೆ ಹೋಗಿಬಿಡುತ್ತಾರೆ. ದಪ್ಪ ಹೊಟ್ಟೆಯ ಹಳೇ ಸಿಸಿಡಿ ಸ್ಕ್ಯಾನರು ಆ ಅಂತರವನ್ನು ಸಹಿಸಿಕೊಳ್ಳುತ್ತದೆ. ಅದೂ ಇಲ್ಲದಿದ್ದರೆ ಕ್ಯಾಮೆರಾ: ಎಡಬಲಕ್ಕೆ ಎರಡು ದೀಪ, ಎರಡೂ 45 ಡಿಗ್ರಿಯಲ್ಲಿ, ಕ್ಯಾಮೆರಾದ ಹಿಂದೆ ಕಪ್ಪು ಬಟ್ಟೆ. ಕ್ಯಾಮೆರಾ ಫೋಟೊಗೆ ನೇರವಾಗಿದೆಯೋ ಇಲ್ಲವೋ ತಿಳಿಯಲು ಫೋಟೊದ ಮೇಲೊಂದು ಚಿಕ್ಕ ಕನ್ನಡಿ ಇಡಿ. ವ್ಯೂಫೈಂಡರಿನ ನಟ್ಟನಡುವೆ ಲೆನ್ಸಿಗೆ ಲೆನ್ಸೇ ಕಂಡರೆ ಸರಿ. ಟ್ಯೂಬ್‌ಲೈಟ್ ಆರಿಸಿ. ಬನಿಯನ್ ಮೇಲೊಂದು ಕಪ್ಪು ಅಂಗಿ ಹಾಕಿಕೊಂಡರೆ ಇನ್ನೂ ಒಳ್ಳೆಯದು.

ಲೆಕ್ಕ ಸುಲಭ. ಬಾಕ್ಸ್ ಕ್ಯಾಮೆರಾದ ಎರಡೂಕಾಲು ಇಂಚಿನ ಚೌಕ ಪ್ರಿಂಟನ್ನು ಇಂಚಿಗೆ 600 ಪಿಕ್ಸೆಲ್‌ನಂತೆ ಸ್ಕ್ಯಾನ್ ಮಾಡಿದರೆ ಒಂದು ಬದಿಗೆ 1350 ಪಿಕ್ಸೆಲ್. ಇಂಚಿಗೆ 300ರಂತೆ ಪ್ರಿಂಟ್ ಹಾಕಿದರೆ ನಾಲ್ಕೂವರೆ ಇಂಚು. 1200ರಲ್ಲಿ ಸ್ಕ್ಯಾನ್ ಮಾಡಿದರೆ 2700 ಪಿಕ್ಸೆಲ್, ಒಂಬತ್ತು ಇಂಚು. ಸ್ಕ್ಯಾನರ್ ಡಬ್ಬದ ಮೇಲೆ 4800 ಎಂದು ಬರೆದಿರುವುದನ್ನು ನಂಬಿ ಅಲ್ಲಿಗೇ ಏರಿಸಿದರೆ ಕಾಗದದ ನಾರು ಮಾತ್ರ ದೊಡ್ಡದಾಗಿ ಕಾಣುತ್ತದೆ. ಫೈಲನ್ನು ಏನೂ ಕಳೆಯದ 16 ಬಿಟ್ ಟಿಫ್ ರೂಪದಲ್ಲಿ ಉಳಿಸಿಕೊಳ್ಳಿ. ತಿದ್ದಿ ಸೇವ್ ಮಾಡಿದಷ್ಟು ಸಲವೂ ಜೆಪೆಗ್ ಒಂದಿಷ್ಟು ನುಂಗುತ್ತದೆ. 'ಆಟೊ' ಎಂದು ಹೆಸರಿಟ್ಟುಕೊಂಡದ್ದನ್ನೆಲ್ಲ ಆಫ್ ಮಾಡಿ.

ಮತ್ತೆ, ಕಪ್ಪುಬಿಳುಪು ಫೋಟೊವನ್ನು ಬಣ್ಣದಲ್ಲೇ ಸ್ಕ್ಯಾನ್ ಮಾಡಬೇಕು. ಇದನ್ನು ಹೇಳಿದಾಗೆಲ್ಲ ಎದುರಿನವರು ಒಂದು ಕನಿಕರದ ನಗೆ ನಗುತ್ತಾರೆ. ಆದರೆ ನಮ್ಮ ಕಡೆಯ ಫೋಟೊಗಳಿಗೆ ಇದರಷ್ಟು ಉಪಕಾರಿ ಇನ್ನೊಂದಿಲ್ಲ. ಹಬ್ಬಕ್ಕೊಮ್ಮೆ ಗಾಜಿಗೆ ಹಚ್ಚಿದ ಅರಿಶಿನ ಕುಂಕುಮ ಅಂಚಿನ ಸಂದಿಯಿಂದ ಒಳಗಿಳಿದು ಫೋಟೊಕ್ಕೆ ತಾಗಿರುತ್ತದೆ. ಸ್ಕ್ಯಾನಿನ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣದ ಪಾಲುಗಳನ್ನು, ಅಂದರೆ ಚಾನಲ್‌ಗಳನ್ನು, ಬೇರೆಬೇರೆಯಾಗಿ ತೆರೆದು ನೋಡಿ. ನೀಲಿಯಲ್ಲಿ ಅಜ್ಜಿ ಮಸಿ ಬಟ್ಟೆ. ಅರಿಶಿನದ ಕಲೆ, ಸರಿಯಾಗಿ ತೊಳೆಯದೆ ಉಳಿದ ಹೈಪೊ ಎಂಬ ಡಾರ್ಕ್‌ರೂಮ್ ರಸಾಯನದಿಂದ ಬಂದ ಹಳದಿ, ಎಲ್ಲ ಅಲ್ಲಿ ಕಪ್ಪಾಗಿ ಕೂತಿರುತ್ತವೆ. ಕೆಂಪು ಚಾನಲ್ ತೆರೆದರೆ ಮುಕ್ಕಾಲುಪಾಲು ಕಲೆ ಮಾಯ. ಹಳದಿಯೂ ಕೆಂಪೂ ಅಲ್ಲಿ ಬಿಳಿ ಕಾಗದದ ಹಾಗೆಯೇ ಬೆಳಗುತ್ತವೆ. ಆ ಒಂದನ್ನೇ ಇಟ್ಟುಕೊಂಡು ಉಳಿದೆರಡನ್ನು ಬಿಟ್ಟರೆ, ಎರಡು ಗಂಟೆ ಬ್ರಷ್ಷಿನಲ್ಲಿ ಉಜ್ಜುವುದು ಎರಡು ನಿಮಿಷದಲ್ಲಿ ಮುಗಿಯುತ್ತದೆ. ಯಾವನೋ ಪುಣ್ಯಾತ್ಮ ಫೌಂಟನ್ ಪೆನ್ನಿನ ನೀಲಿ ಇಂಕು ಚೆಲ್ಲಿದ್ದರೆ ಲೆಕ್ಕ ಉಲ್ಟಾ, ಆಗ ನೀಲಿ ಚಾನಲ್ಲೇ ಗತಿ. ಎರಡೂ ಕಲೆ ಇದ್ದರೆ ಮನೆ ದೇವರೇ ಗತಿ.

ಇನ್ನು ಫೋಟೊಶಾಪ್‌ನಲ್ಲಿ ತಿದ್ದುವುದು. ಮೂಲ ಲೇಯರ್, ಅಂದರೆ ಚಿತ್ರದ ಪದರ, ಮುಟ್ಟಬಾರದು. ಮೇಲೊಂದು ಖಾಲಿ ಲೇಯರ್ ತೆರೆದು, ಸ್ಯಾಂಪಲ್ ಎಂಬಲ್ಲಿ 'ಕರೆಂಟ್ ಅಂಡ್ ಬಿಲೋ' ಆರಿಸಿ, ಎಲ್ಲ ಕೆಲಸ ಅದರ ಮೇಲೆ. 2002ರಲ್ಲಿ ಫೋಟೊಶಾಪ್ 7ರ ಜೊತೆ ಬಂದ ಹೀಲಿಂಗ್ ಬ್ರಷ್, ನೀವು ತೋರಿಸಿದ ಕಡೆಯಿಂದ ಮೈಯ ತರಿಯನ್ನು ತಂದು, ಸುತ್ತಲಿನ ಬಣ್ಣಕ್ಕೆ ಹೊಂದಿಸಿ ಕೂರಿಸುತ್ತದೆ. ಕೆನ್ನೆಗೆ, ಗೋಡೆಗೆ ಅದು ಚೆನ್ನ. ಸೀರೆಯ ಅಂಚು, ಕೂದಲಿನ ಗಡಿಯ ಹತ್ತಿರ ಬಂದರೆ ಆಚೆಯ ಕಪ್ಪನ್ನೂ ಸೇರಿಸಿ ಕಲಸುತ್ತದೆ. ಅಲ್ಲಿ ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡುವ ಕ್ಲೋನ್ ಸ್ಟ್ಯಾಂಪ್ ಬೇಕು. ಒಂದೇ ಜಾಗದಿಂದ ಎತ್ತಿ ಎತ್ತಿ ಹಾಕಿದರೆ ಗೋಡೆಯ ಮೇಲೆ ಅವಳಿಜವಳಿ ಕಲೆಗಳು ಸಾಲುಗಟ್ಟುತ್ತವೆ, ಹಾಗಾಗಿ ನಾಲ್ಕು ಸಲಕ್ಕೊಮ್ಮೆ ಜಾಗ ಬದಲಿಸಬೇಕು. ಮಡಿಕೆ ಬಿದ್ದು ಒಂದು ಕಣ್ಣು ಹೋಗಿದ್ದರೆ ಇನ್ನೊಂದನ್ನು ತಿರುಗಿಸಿ ಅಂಟಿಸುವ ಚಾಳಿ ಇದೆ. ಅಂಟಿಸಿ, ಆದರೆ ಕಣ್ಣಿನ ಹೊಳಪಿನ ಚುಕ್ಕಿಯೂ ಜೊತೆಗೆ ತಿರುಗುತ್ತದೆ ಎಂಬುದು ನೆನಪಿರಲಿ. ಒಂದು ಕಣ್ಣಿಗೆ ಎಡದ ಕಿಟಕಿಯ ಬೆಳಕು, ಇನ್ನೊಂದಕ್ಕೆ ಬಲದ್ದು. ಏನು ತಪ್ಪಾಗಿದೆ ಎಂದು ಯಾರಿಗೂ ಹೇಳಲಾಗುವುದಿಲ್ಲ, ಆದರೆ ಮಕ್ಕಳು ಆ ಫೋಟೊ ಕಂಡರೆ ಹೆದರುತ್ತವೆ.

ಮೂಗುತಿಯ ವಿಷಯ ಈಗ ಬರಲೇಬೇಕು.

ಮದುವೆಯ ಗ್ರೂಪ್ ಫೋಟೊದಲ್ಲಿ ಹಿಂದಿನ ಸಾಲಿನ ಹೆಂಗಸಿನ ಮೂಗುತಿ ಎಂದರೆ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗ. 600ರ ಸ್ಕ್ಯಾನಿನಲ್ಲಿ ಏಳೆಂಟು ಪಿಕ್ಸೆಲ್. ದೂಳಿನ ಕಣವೂ ಅಷ್ಟೇ. 'ಡಸ್ಟ್ ಅಂಡ್ ಸ್ಕ್ರ್ಯಾಚಸ್' ಎಂಬ ಫಿಲ್ಟರಿಗೆ ರೇಡಿಯಸ್ 6 ಕೊಟ್ಟು ಇಡೀ ಚಿತ್ರದ ಮೇಲೆ ಬಿಟ್ಟರೆ ಮನೆಯ ಅಷ್ಟೂ ಹೆಂಗಸರ ಮೂಗುತಿ ಒಂದೇ ಏಟಿಗೆ ಹೋಗುತ್ತದೆ. ವಜ್ರದ ಬೇಸರಿ, ಮುತ್ತಿನದು, ಹರಳಿನದು, ಬಡವರ ಮನೆಯ ಒಂಟಿಕಲ್ಲು, ಯಾವ ಭೇದವೂ ಇಲ್ಲ. ಗಂಡಸರೂ ಬಚಾವಾಗುವುದಿಲ್ಲ. ವಿಭೂತಿಯ ಮೂರು ಪಟ್ಟೆ ಅದರ ಕಣ್ಣಿಗೆ ಮೂರು ಸ್ಕ್ರ್ಯಾಚು; ಅಂಗಾರದ ಗೆರೆ ಒಂದು ಕೂದಲು. ಹೀಗೆ ಮಠ, ಮತ ಎಲ್ಲ ತೊಳೆದುಹೋಗಿ ಇಡೀ ದಿಬ್ಬಣ ಪಾಸ್‌ಪೋರ್ಟ್ ಆಫೀಸಿನ ಮುಂದೆ ಸಾಲು ನಿಂತಂತೆ ಕಾಣುತ್ತದೆ.

ಮೂಗಿನ ಮೇಲಿನ ಬಿಳಿ ಚುಕ್ಕಿ ದೂಳೋ ಹರಳೋ ಎಂದು ತಿಳಿಯುವುದು ಹೇಗೆ? ಪ್ರಿಂಟ್ ಹಾಕುವಾಗ ನೆಗೆಟಿವ್ ಮೇಲೆ ದೂಳು ಕೂತಿದ್ದರೆ ಅದು ಫೋಟೊದಲ್ಲಿ ಬಿಳಿಯಾಗಿ ಬೀಳುತ್ತದೆ. ಹಾಗಾಗಿ ಬಣ್ಣದಿಂದ ತೀರ್ಮಾನ ಆಗದು. ಅಂಚು ನೋಡಬೇಕು. ದೂಳು ಕತ್ತರಿಸಿಟ್ಟ ಹಾಗೆ ಚೂಪು. ಮೂಗುತಿ ಕಣ್ಣುರೆಪ್ಪೆಯಷ್ಟೇ ಮೃದು, ಏಕೆಂದರೆ ಎರಡೂ ಒಂದೇ ಲೆನ್ಸಿನಿಂದ ಒಳಗೆ ಬಂದವು. ಮೂಗುತಿಗೆ ಒಂದು ಬದಿಗೆ ಎಳೆಯ ನೆರಳಿರುತ್ತದೆ, ಕಣ್ಣಿನ ಚುಕ್ಕಿ ಯಾವ ಕಡೆಯೋ ಅದರ ಎದುರು ಬದಿಗೆ. ನೆರಳಿಲ್ಲದ್ದನ್ನು ಅಳಿಸಿ.

ಇಷ್ಟು ಮಾಡಿ ಉಳಿಸಿಕೊಟ್ಟರೆ ಜಗಳ ಮುಗಿಯಿತೇ? ಶುರುವಾಗುತ್ತದೆ. ಮೂಗುತಿ ಎಡಗಡೆ ಇತ್ತೆಂದು ದೊಡ್ಡಮ್ಮ, ಬಲಗಡೆ ಎಂದು ಚಿಕ್ಕಮ್ಮ. ಇಬ್ಬರ ಮನೆಯಲ್ಲೂ ಸಾಕ್ಷಿಗೆ ಒಂದೊಂದು ಫೋಟೊ. ತಮಾಷೆಯೆಂದರೆ ಇಬ್ಬರೂ ಕಂಡದ್ದನ್ನೇ ಹೇಳುತ್ತಿರುತ್ತಾರೆ. ನೆಗೆಟಿವಿನಿಂದ ಪ್ರಿಂಟ್ ಹಾಕುವ ಎನ್‌ಲಾರ್ಜರ್ ಯಂತ್ರದಲ್ಲಿ ನೆಗೆಟಿವಿನ ಮಂಕು ಮಗ್ಗುಲು ಕೆಳಗೆ, ಕಾಗದದ ಕಡೆಗಿರಬೇಕು. ಡಾರ್ಕ್‌ರೂಮಿನ ಹುಡುಗ ಹೊಳೆಯುವ ಮಗ್ಗುಲನ್ನು ಕೆಳಗೆ ಮಾಡಿ ಇಟ್ಟರೆ ಅಜ್ಜಿ ಕನ್ನಡಿಯೊಳಗೆ ಹೋದ ಹಾಗೆ ಅದಲುಬದಲು. ಹಿಂದಿನ ಕ್ಯಾಲೆಂಡರಿನ ಅಕ್ಷರ ಕಂಡರೆ ಕ್ಷಣದಲ್ಲಿ ಇತ್ಯರ್ಥ. ಇಲ್ಲದಿದ್ದರೆ ತಾತನ ಅಂಗಿಯ ಗುಂಡಿ: ಗಂಡಸರ ಅಂಗಿಯಲ್ಲಿ ತೊಟ್ಟವರ ಎಡಗಡೆಯ ಬಟ್ಟೆ ಮೇಲೆ ಬರುತ್ತದೆ. ಸೆರಗು ಎಡಭುಜದ ಮೇಲಿದೆಯೇ ಎಂದೂ ನೋಡಬಹುದು. ಆದರೆ ಕೊಡಗಿನ ಸೀರೆಯ ಮೇಲೆ ಈ ಪರೀಕ್ಷೆ ನಡೆಸಿ ತೀರ್ಪು ಕೊಡಬೇಡಿ, ಅಲ್ಲಿ ನೆರಿಗೆ ಬೆನ್ನಿಗಿರುತ್ತದೆ, ಸೆರಗು ಬಲಭುಜಕ್ಕೆ ಬರುತ್ತದೆ. ತಾತ ಬರಿ ಮೈಯಲ್ಲಿ ಶಲ್ಯ ಹೊದ್ದು ಕೂತಿದ್ದರೆ ಜನಿವಾರ ಎಡಭುಜದಿಂದ ಇಳಿದಿದೆಯೇ ನೋಡಿ. ಬಲದಿಂದ ಇಳಿದಿದ್ದರೆ, ಒಂದೋ ನೆಗೆಟಿವ್ ಉಲ್ಟಾ, ಇಲ್ಲವೇ ಅಂದು ಮನೆಯಲ್ಲಿ ತಿಥಿ. ತಿಥಿಯ ದಿನ ಫೋಟೊ ತೆಗೆಸಿಕೊಳ್ಳುವವರು ಕಡಿಮೆ ಎಂಬುದರ ಮೇಲೆ ತೀರ್ಪು ಹೇಳಬಹುದು. ದೊಡ್ಡಮ್ಮ ಒಪ್ಪುವುದಿಲ್ಲ.

ಇಷ್ಟು ಜಂಜಾಟ ಯಾಕೆ, ಈಗ ಎಐ ಇದೆಯಲ್ಲ ಅನ್ನುವವರಿಗೆ ಒಂದು ಮಾತು. ಮುಖವನ್ನು ಚಿಟಿಕೆ ಹೊಡೆದಂತೆ ಚೂಪು ಮಾಡುವ ಜಿಎಫ್‌ಪಿ-ಗ್ಯಾನ್‌ನಂಥವು ಕಲಿತದ್ದು ಫ್ಲಿಕರ್ ಎಂಬ ತಾಣದಿಂದ ಎತ್ತಿದ 70,000 ಮುಖಗಳಿಂದ. ನಿಮ್ಮ ಅಜ್ಜಿಯ ಮಸುಕಾದ ಕಣ್ಣನ್ನು ಅದು ಶುಚಿ ಮಾಡುವುದಿಲ್ಲ, ಆ ಮುಖಗಳ ನೆನಪಿನಿಂದ ಹೊಸ ಕಣ್ಣೊಂದನ್ನು ಬರೆಯುತ್ತದೆ. ರೆಪ್ಪೆ ಒಂದೊಂದೂ ಎಣಿಸುವಂತಿರುತ್ತದೆ. ಚರ್ಮ ಈಗ ತಾನೇ ಫೇಶಿಯಲ್ ಮುಗಿಸಿ ಬಂದಂತೆ. ಎಲ್ಲ ಚೆನ್ನ, ಅಜ್ಜಿ ಮಾತ್ರ ಯಾರೋ ಬೇರೆಯವರ ಮನೆಯವರು. ಒಡೆದ ಗೋಡೆಗೆ, ಹರಿದ ಮೂಲೆಗೆ ಅದನ್ನು ಧಾರಾಳವಾಗಿ ಬಳಸಿ. ಮುಖಕ್ಕೆ ಬಳಸಲೇಬೇಕೆಂದರೆ ಬೇರೆ ಲೇಯರಿನಲ್ಲಿಟ್ಟು ಅದರ ದಟ್ಟತೆಯನ್ನು (ಒಪಾಸಿಟಿ) ಶೇಕಡ 20-30ಕ್ಕೆ ಇಳಿಸಿ.

ಬಣ್ಣ ತುಂಬಿಸುವುದು ಇನ್ನೊಂದು ಅಧ್ವಾನ. ಬಾಕ್ಸ್ ಕ್ಯಾಮೆರಾಗಳಿಗೆ ಹಾಕುತ್ತಿದ್ದ ಕೊಡಕ್‌ನ ವೆರಿಕ್ರೋಮ್ ರೋಲು 1956ರಲ್ಲಿ ವೆರಿಕ್ರೋಮ್ ಪ್ಯಾನ್ ಬರುವವರೆಗೂ ಆರ್ಥೊಕ್ರೋಮ್ಯಾಟಿಕ್. ಅಂದರೆ ಕೆಂಪಿಗೆ ಕುರುಡು. ಕೆಂಪೆಲ್ಲ ಅದರಲ್ಲಿ ಕಪ್ಪು. ಕಾಸಗಲ ಕುಂಕುಮ ಕಪ್ಪು, ಎಲೆಅಡಿಕೆಯ ತುಟಿ ಕಪ್ಪು, ಇಳಕಲ್ ಸೀರೆಯ ಕೆಂಪು ಸೆರಗು ಕಪ್ಪು. ಇದನ್ನರಿಯದ ಸಾಫ್ಟ್‌ವೇರು ಆ ಸೆರಗಿಗೆ ಪೊಲೀಸು ಜೀಪಿನ ನೀಲಿ ಬಳಿದು ಕೊಡುತ್ತದೆ. ಮನೆಯವರು ಅದನ್ನೇ ದೊಡ್ಡದು ಮಾಡಿಸಿ ಹಾಕುತ್ತಾರೆ. ಆ ಸೀರೆ ಟ್ರಂಕಿನಲ್ಲಿ ಇನ್ನೂ ಇರಬಹುದು, ತೆಗೆದು ನೋಡಿ ಎಂದರೆ "ಅಷ್ಟೆಲ್ಲ ಬೇಡ ಬಿಡಿ ಸಾರ್."

ಬೇಡವೆಂದವರೇ ಆಮೇಲೆ ಬೇರೆ ಪಟ್ಟಿ ಕಳಿಸುತ್ತಾರೆ. ತಾತನಿಗೊಂದು ಮೈಸೂರು ಪೇಟ. ಮುಚ್ಚಿದ ಕಣ್ಣು ಬಿಡಿಸಿ. ಪಕ್ಕದಲ್ಲಿ ನಿಂತ ಷಡ್ಡಕನನ್ನು ತೆಗೆದುಬಿಡಿ, ಆಸ್ತಿ ವಿಷಯದಲ್ಲಿ ಮಾತುಕತೆ ಇಲ್ಲ. ಮತ್ತೆ ಅಜ್ಜಿಯ ಮುಖ ಒಂಚೂರು ಬೆಳ್ಳಗೆ. ಬದುಕಿದ್ದಷ್ಟು ದಿನ ಬಿಸಿಲಲ್ಲಿ ಸಂಡಿಗೆ ಹಾಕಿಸಿಕೊಂಡು ತಿಂದವರೇ ಇದನ್ನು ಕೇಳುವುದು.

ಗೆರೆಯ ಮಾತಿಗೆ ಬರುತ್ತಿದ್ದೆ. ಫೋಟೊದ ಮೇಲೆ ಆಮೇಲೆ ಬಿದ್ದದ್ದನ್ನು ತೆಗೆದರೆ ರಿಪೇರಿ, ಕ್ಯಾಮೆರಾದ ಮುಂದೆ ಇದ್ದದ್ದನ್ನು ಬದಲಿಸಿದರೆ ಸುಳ್ಳು. ಆದರೆ ಅಲ್ಲೂ ಒಂದು ತೊಡಕಿದೆ. ನಾವು ಕಾಪಾಡಲು ಇಷ್ಟು ಒದ್ದಾಡುವ 'ಅಸಲಿ' ಮುಖವನ್ನು ಸ್ಟುಡಿಯೊದವರು ಆಗಲೇ ತಿದ್ದಿರುತ್ತಿದ್ದರು. ನೆಗೆಟಿವನ್ನು ಹಿಂದಿನಿಂದ ಬೆಳಕು ಬೀಳುವ ಇಳಿಜಾರು ಮೇಜಿನ ಮೇಲಿಟ್ಟು, ಸೂಜಿಯಂತೆ ಹೆರೆದ ಪೆನ್ಸಿಲ್ಲಿನಿಂದ, ಕಣ್ಣಕೆಳಗಿನ ಸುಕ್ಕು, ಸಿಡುಬಿನ ಕುಳಿ ಬಿದ್ದ ಕಡೆಯೆಲ್ಲ ಸಣ್ಣ ಸಣ್ಣ ಸುರುಳಿ ಗೀಚುತ್ತಿದ್ದರು. ನೆಗೆಟಿವಿನಲ್ಲಿ ತುಸು ಕಪ್ಪು ಸೇರಿದರೆ ಪ್ರಿಂಟಿನಲ್ಲಿ ಆ ನೆರಳು ತಿಳಿಯಾಗುತ್ತದೆ. ದೊಡ್ಡದು ಮಾಡಿ ನೋಡಿದರೆ ಆ ಗೀಚು ಈಗಲೂ ಕೆಲವು ಕೆನ್ನೆಗಳ ಮೇಲೆ ಕಾಣಸಿಗುತ್ತದೆ. ಅದನ್ನು ಕಲೆ ಎಂದು ಅಳಿಸಬೇಕೋ, ಮುಖ ಎಂದು ಉಳಿಸಬೇಕೋ? ಹಿಂದಿನ ಕಂಬ ಬಟ್ಟೆಯ ಮೇಲೆ ಬರೆದದ್ದು, ಮುಂದಿನ ಹೂದಾನಿ ಸ್ಟುಡಿಯೊದ್ದು, ತಾತನ ಕೈಗಡಿಯಾರವೂ ಎಷ್ಟೋ ಸಲ ಅಲ್ಲಿಯದೇ.

ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೊ ಆಗಿ ಕಳಿಸಿದರೆ ವಾಟ್ಸಾಪ್ ಮತ್ತೆ ಹಿಂಡುತ್ತದೆ. ಕಟ್ಟು ಹಾಕಿಸುವಾಗ ಗಾಜಿಗೂ ಪ್ರಿಂಟಿಗೂ ನಡುವೆ ಎರಡು ಮಿಲಿಮೀಟರ್ ರಟ್ಟಿನ ಅಂಚು ಕೊಡಿಸಿ ಎಂದೂ ಬರೆಯಿರಿ, ಯಾರೂ ಕೊಡಿಸುವುದಿಲ್ಲ. ರಾತ್ರಿ ಒಂದೂವರೆಗೆ ಎರಡು ನೀಲಿ ಟಿಕ್ ಬೀಳುತ್ತವೆ. ಗೃಹಪ್ರವೇಶದ ಊಟ ಮುಗಿದ ಮೇಲೆ ಉತ್ತರ: "ಸೂಪರ್ ಸರ್. ಮೂಗುತಿ ಬಲಗಡೆ ಅಲ್ವಾ?"