ಏಳು ರತ್ನಗಳ ಸಂಘವನ್ನು ಮರೆಯಬೇಡಿ

ಅಮೆರಿಕದ ಕಾಲೇಜು ಭ್ರಾತೃಸಂಘಗಳೆಂದರೆ (ವಿದ್ಯಾರ್ಥಿಗಳು ಸೇರಿ ಕಟ್ಟಿಕೊಳ್ಳುವ ‘ಫ್ರಟರ್ನಿಟಿ’ಗಳು) ಕುಡಿತ, ಮೋಜು ಎಂದಷ್ಟೇ ನಿಮ್ಮಲ್ಲಿ ಪ್ರಕಟವಾದ ಲೇಖನ ಹೇಳಿರುವುದು ನನಗೆ ನೋವುಂಟುಮಾಡಿತು. ಆಲ್ಫಾ ಫೈ ಆಲ್ಫಾ ಎಂಬ ಭ್ರಾತೃಸಂಘವನ್ನು ಮರೆಯಬಹುದೇ? 1906ರ ಡಿಸೆಂಬರ್ 4ರಂದು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಏಳು ಮಂದಿ ಕಪ್ಪು ವಿದ್ಯಾರ್ಥಿಗಳು ಅದನ್ನು ಕಟ್ಟಿದರು. ಸಂಘದವರು ಅವರನ್ನು ಇಂದಿಗೂ ‘ರತ್ನಗಳು’ ಎಂದೇ ಕರೆಯುತ್ತಾರೆ. ಬಾಸ್ಟನ್ನಿನ ಸಿಗ್ಮಾ ಶಾಖೆಗೆ 1952ರಲ್ಲಿ ಸೇರಿದವರು ಯಾರು ಗೊತ್ತೇ? ಮಾರ್ಟಿನ್ ಲೂಥರ್ ಕಿಂಗ್! ವಾಷಿಂಗ್ಟನ್ನಿನಲ್ಲಿ 2011ರಲ್ಲಿ ತೆರೆದ ಅವರ ಸ್ಮಾರಕದ ಪ್ರಸ್ತಾಪವನ್ನು 1984ರಲ್ಲೇ ಮುಂದಿಟ್ಟದ್ದು ಇದೇ ಸಂಘ.

ಶಾಖೆಗಳಿಗೆಲ್ಲ ಗ್ರೀಕ್ ಅಕ್ಷರಗಳ ಹೆಸರು. ಕೊನೆಯ ಅಕ್ಷರವಾದ ಒಮೇಗಾವನ್ನು ಮಾತ್ರ ಅಗಲಿದವರಿಗಾಗಿ ಮೀಸಲಿಟ್ಟಿದ್ದಾರೆ. ಸದಸ್ಯರೊಬ್ಬರು ತೀರಿಕೊಂಡರೆ ‘ಒಮೇಗಾ ಶಾಖೆ ಸೇರಿದರು’ ಎನ್ನುತ್ತಾರೆ. ಇದನ್ನು ಮೊದಲ ಸಲ ತಿಳಿದಾಗ ನನ್ನ ಗಂಟಲು ಕಟ್ಟಿತ್ತು.