ಕೊನೆಯ ಕಂಬದ ವೋಲ್ಟೇಜ್‌ನಿಂದ ಶುರು ಮಾಡೋಣ

ಜರ್ಮನಿಯ ಹಳ್ಳಿಗಳಲ್ಲಿ ವಿದ್ಯುತ್ ವಿತರಣೆಯವರ ತಲೆನೋವು ವೋಲ್ಟೇಜ್ ಏರುವುದು. ಕರ್ನಾಟಕದ ಪಂಪ್‌ಸೆಟ್ ಫೀಡರ್‌ಗಳಲ್ಲಿ (ಸಬ್‌ಸ್ಟೇಷನ್ನಿನಿಂದ ಹೊರಡುವ ಲೈನ್‌ಗಳಲ್ಲಿ) ತಲೆನೋವು ಅದು ಇಳಿಯುವುದು. ಜರ್ಮನಿಯಲ್ಲಿ ನೆಲೆಸಿ ಎರಡೂ ಕಡೆಯ ಜಾಲವನ್ನು ಗಮನಿಸುವ ನನಗೆ, ಇಲ್ಲಿನ ಸ್ಮಾರ್ಟ್ ಗ್ರಿಡ್ ಉಪಕರಣಗಳನ್ನು ಹಾಗೇ ಎತ್ತಿ ಅಲ್ಲಿ ಕೂರಿಸುವುದರಲ್ಲಿ ಅರ್ಥವಿಲ್ಲ ಅನಿಸುತ್ತದೆ. ಇಲ್ಲಿಂದ ಕಲಿಯಬೇಕಾದ್ದು ಒಂದು ರೂಢಿ: ಕೊನೆಯ ಗ್ರಾಹಕನ ಬಳಿ ವೋಲ್ಟೇಜ್ ಅಳೆಯುವುದು, ಆ ಅಳತೆಗೆ ತಕ್ಕಂತೆ ಟ್ಯಾಪ್ (ಟ್ರಾನ್ಸ್‌ಫಾರ್ಮರ್ ಕೊಡುವ ವೋಲ್ಟೇಜನ್ನು ಹಂತಹಂತವಾಗಿ ಏರಿಳಿಸುವ ಕೊಂಡಿ), ಕೆಪಾಸಿಟರ್, ಸೋಲಾರ್ ವಿದ್ಯುತ್ತನ್ನು ಜಾಲಕ್ಕೆ ಹೊಂದಿಸುವ ಇನ್ವರ್ಟರ್‌ಗಳನ್ನು ನಡೆಸುವುದು.

ಯುರೋಪಿನ ಇಎನ್ 50160 ಮಾನದಂಡ 230 ವೋಲ್ಟ್‌ನ ಆಚೀಚೆ ಶೇ. 10 ಎಂದು ಮಿತಿ ಹಾಕುವುದರ ಜೊತೆಗೆ ಅಳೆಯುವ ಕ್ರಮವನ್ನೂ ಹೇಳುತ್ತದೆ. 10 ನಿಮಿಷದ ಸರಾಸರಿಗಳನ್ನು ಒಂದು ವಾರ ದಾಖಲಿಸಬೇಕು, ಅವುಗಳಲ್ಲಿ ಶೇ. 95ರಷ್ಟು ಮಿತಿಯೊಳಗಿರಬೇಕು. ಭಾರತದ 1956ರ ವಿದ್ಯುತ್ ನಿಯಮಗಳು ಎಲ್‌ಟಿ (ಕಡಿಮೆ ವೋಲ್ಟೇಜ್ ಜಾಲದ) ಗ್ರಾಹಕನಿಗೆ ಶೇ. 6ರ ಮಿತಿ ಕೊಟ್ಟಿದ್ದವು. ಕಾಗದದ ಮೇಲೆ ಅದು ಯುರೋಪಿಗಿಂತ ಬಿಗಿ. ಆದರೆ ಅಳೆದವರು ಯಾರು? 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ ಇರುವುದರಿಂದ ಎಷ್ಟೋ ಕಡೆ ಮೀಟರೇ ಇಲ್ಲ. ಮೀಟರ್ ಇಲ್ಲದಲ್ಲಿ ವೋಲ್ಟೇಜಿನ ದಾಖಲೆಯೂ ಇರುವುದಿಲ್ಲ. ರೈತನ ಮೋಟಾರ್ ಸುಟ್ಟು ರೀವೈಂಡಿಂಗ್‌ಗೆ ಹೋದಾಗಲೇ ವಿಷಯ ಹೊರಬೀಳುತ್ತದೆ.

ಆ ಮೋಟಾರ್ ಯಾಕೆ ಸುಡುತ್ತದೆ ಎಂದು ಲೆಕ್ಕ ಹಾಕಿ ನೋಡೋಣ. ಟಿಸಿಯಿಂದ (ವಿತರಣಾ ಟ್ರಾನ್ಸ್‌ಫಾರ್ಮರ್‌ನಿಂದ) ಒಂದು ಕಿಲೋಮೀಟರ್ ದೂರಕ್ಕೆ ರ‍್ಯಾಬಿಟ್ ಎಂಬ ಮಾದರಿಯ ತಂತಿ ಎಳೆದಿದೆ. ಅದರ ರೆಸಿಸ್ಟೆನ್ಸ್ ಸುಮಾರು 0.55 ಓಮ್, ರಿಯಾಕ್ಟೆನ್ಸ್ (ಎಸಿ ಕರೆಂಟಿಗೆ ತಂತಿಯ ಕಾಂತಕ್ಷೇತ್ರ ಒಡ್ಡುವ ತಡೆ) ಸುಮಾರು 0.35 ಓಮ್. ತುದಿಯಲ್ಲಿ 7.5 ಎಚ್‌ಪಿಯ ಆರು ಪಂಪ್‌ಸೆಟ್ ಸೇರಿ 70 ಆಂಪಿಯರ್ ಎಳೆಯುತ್ತವೆ, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾದ ಕೆಲಸಕ್ಕೆ ಒದಗುವ ಪಾಲು) 0.8. ಪ್ರತಿ ಫೇಸ್‌ನಲ್ಲಿ 45 ವೋಲ್ಟ್ ದಾರಿಯಲ್ಲೇ ಹೋಯಿತು. ಟಿಸಿಯ ಬಳಿ 240 ಇದ್ದದ್ದು ಕೊನೆಯ ಕಂಬದಲ್ಲಿ 195. ಮೋಟಾರಿನ ಟಾರ್ಕ್ (ತಿರುಗಿಸುವ ಬಲ) ವೋಲ್ಟೇಜಿನ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ ಇಳಿಯುವುದರಿಂದ ಮೂರರಲ್ಲಿ ಎರಡು ಪಾಲಷ್ಟೇ ಉಳಿಯುತ್ತದೆ. ನೀರೆತ್ತುವ ಕೆಲಸ ಕಡಿಮೆಯಾಗಿಲ್ಲವಾದ್ದರಿಂದ ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತದೆ, ತಂತಿಯಲ್ಲಿ ವೋಲ್ಟೇಜ್ ಇನ್ನಷ್ಟು ಬೀಳುತ್ತದೆ, ವೈಂಡಿಂಗ್ ಬಿಸಿಯಾಗುತ್ತದೆ. ಇದರ ಮೇಲೆ ಆಟೋ ಸ್ಟಾರ್ಟರ್‌ಗಳು: ತ್ರೀ ಫೇಸ್ ಬಂದ ಕ್ಷಣದಲ್ಲೇ ಎಲ್ಲ ಪಂಪ್‌ಗಳೂ ಒಟ್ಟಿಗೆ ಏಳಲು ನೋಡುತ್ತವೆ. ಸ್ಟಾರ್ಟರ್‌ಗಳ ಟೈಮರನ್ನು ಒಂದೊಂದಕ್ಕೆ ಒಂದೊಂದು ನಿಮಿಷದ ಅಂತರದಲ್ಲಿಟ್ಟರೆ ಸಾಕು, ಈ ಆರಂಭದ ಕುಸಿತ ಬಹುಮಟ್ಟಿಗೆ ತಪ್ಪುತ್ತದೆ.

ಪ್ರತಿ ಪಂಪ್‌ಗೆ 3 ಕೆವಿಎಆರ್ (ರಿಯಾಕ್ಟಿವ್ ಪವರ್, ಅಂದರೆ ಕೆಲಸ ಮಾಡದೆ ಕಾಂತಕ್ಷೇತ್ರಕ್ಕಾಗಿ ಓಡಾಡುವ ವಿದ್ಯುತ್ತಿನ ಅಳತೆ) ಕೆಪಾಸಿಟರ್ ಹಾಕಿ ಪವರ್ ಫ್ಯಾಕ್ಟರ್ 0.95ಕ್ಕೆ ತಂದರೆ ಕರೆಂಟ್ 59 ಆಂಪಿಯರ್‌ಗೆ ಇಳಿದು, ಕುಸಿತ 37 ವೋಲ್ಟ್ ಆಗುತ್ತದೆ. ಎಂಟು ವೋಲ್ಟ್ ಉಳಿತಾಯ ಒಳ್ಳೆಯದೇ, ಆದರೆ ಸಾಲದು. ಅಷ್ಟೂ ಸಿಗುವುದಿಲ್ಲ ಕೂಡ, ಯಾಕೆಂದರೆ ಕೆಪಾಸಿಟರ್‌ನ ಬಲವೂ ವೋಲ್ಟೇಜಿನ ವರ್ಗದಂತೆ ಇಳಿಯುತ್ತದೆ, ಅತ್ಯಂತ ಬೇಕಾದ ಹೊತ್ತಿನಲ್ಲೇ ಸೊರಗುತ್ತದೆ. ಅದಕ್ಕೇ ಎಲ್‌ಟಿ ತಂತಿಯನ್ನು ಗಿಡ್ಡ ಮಾಡಿ, 11 ಕೆ.ವಿ. ಲೈನನ್ನೇ ಪಂಪ್‌ಗಳ ಹತ್ತಿರಕ್ಕೆ ಒಯ್ದು 16 ಅಥವಾ 25 ಕೆವಿಎ ಟಿಸಿ ಕೂರಿಸುವ ಕೆಲಸಕ್ಕೆ ನಾನು ಯಾವ ಸಾಫ್ಟ್‌ವೇರ್‌ಗಿಂತಲೂ ಹೆಚ್ಚು ಬೆಲೆ ಕೊಡುತ್ತೇನೆ. ಅಷ್ಟೇ ವಿದ್ಯುತ್ತಿಗೆ 11 ಕೆ.ವಿ.ಯಲ್ಲಿ ಹರಿಯುವ ಕರೆಂಟ್ ಇಪ್ಪತ್ತಾರರಲ್ಲಿ ಒಂದು ಪಾಲು. ತಂತಿ ತೀರಾ ತೆಳುವಾಗಿದ್ದರೆ ಯಾವ ಸ್ಮಾರ್ಟ್ ಗ್ರಿಡ್ಡೂ ಅದನ್ನು ದಪ್ಪ ಮಾಡದು.

ಜರ್ಮನಿಯ ಚಿತ್ರ ಬೇರೆ. ನೆಲದಡಿಯಲ್ಲಿ 150 ಚದರ ಮಿಲಿಮೀಟರ್ ಅಲ್ಯೂಮಿನಿಯಂ ಕೇಬಲ್, ಕೆಲವು ನೂರು ಮೀಟರ್ ಉದ್ದ, ಪ್ರತಿ ಮನೆಗೂ ತ್ರೀ ಫೇಸ್. ಇಂಥ ಕೇಬಲ್‌ನ 400 ಮೀಟರ್ ತುದಿಯಲ್ಲಿ ಮನೆ ಮೇಲಿನ ಸೋಲಾರ್ 50 ಕಿಲೋವಾಟ್ ಒಳಬಿಟ್ಟರೆ ವೋಲ್ಟೇಜ್ ಸುಮಾರು 6 ವೋಲ್ಟ್, ಅಂದರೆ ಶೇ. 2.6 ಏರುತ್ತದೆ. ಸೋಲಾರ್‌ನಂಥ ಉತ್ಪಾದನೆಯಿಂದ ಎಲ್‌ಟಿ ಜಾಲದಲ್ಲಿ ಆಗುವ ಏರಿಕೆಗೆ ಅಲ್ಲಿನ ನಿಯಮ ಇಟ್ಟಿರುವ ಮಿತಿ ಶೇ. 3. ಮಿತಿ ಮುಟ್ಟಿದಾಗ ಮೂರು ದಾರಿ: ದಪ್ಪ ಕೇಬಲ್, ಲೋಡ್ ಇರುವಾಗಲೇ ಟ್ಯಾಪ್ ಬದಲಿಸುವ ವಿತರಣಾ ಟ್ರಾನ್ಸ್‌ಫಾರ್ಮರ್, ಅಥವಾ ಇನ್ವರ್ಟರ್ ರಿಯಾಕ್ಟಿವ್ ಪವರ್ ಎಳೆದು ವೋಲ್ಟೇಜ್ ತಗ್ಗಿಸುವುದು.

ಈ ಮೂರನೆಯ ದಾರಿ ಕರ್ನಾಟಕಕ್ಕೇ ಹೆಚ್ಚು ಒಗ್ಗುತ್ತದೆ, ಮತ್ತು ಈ ಮಾತು ಚರ್ಚೆಗಳಲ್ಲಿ ಬರುವುದು ಕಡಿಮೆ. ಇನ್ವರ್ಟರ್ 0.95 ಪವರ್ ಫ್ಯಾಕ್ಟರ್‌ನಲ್ಲಿ ನಡೆದರೆ ರಿಯಾಕ್ಟಿವ್ ಪವರ್ ಆಕ್ಟಿವ್ (ಕೆಲಸ ಮಾಡುವ) ಪವರ್‌ನ ಮೂರನೇ ಒಂದು ಪಾಲು. ಜರ್ಮನಿಯ ಕೇಬಲ್‌ನಲ್ಲಿ ರಿಯಾಕ್ಟೆನ್ಸ್ ತೀರಾ ಕಡಿಮೆ, ಕಿಲೋಮೀಟರಿಗೆ 0.08 ಓಮ್ ಆಸುಪಾಸು. ಹಾಗಾಗಿ ಕೇಬಲ್‌ನಲ್ಲಿ ಏರಿದ ವೋಲ್ಟೇಜಿನ ಶೇ. 13ರಷ್ಟನ್ನು ಮಾತ್ರ ಅದು ತಗ್ಗಿಸಬಲ್ಲದು. ನಮ್ಮ ರ‍್ಯಾಬಿಟ್ ಲೈನಿನಲ್ಲಿ ಅದೇ ಸೆಟ್ಟಿಂಗ್ ಶೇ. 21 ತಗ್ಗಿಸುತ್ತದೆ. ವೋಲ್ಟೇಜ್ ಬಿದ್ದಾಗ ಅದೇ ಇನ್ವರ್ಟರ್ ತಿರುಗಿ ರಿಯಾಕ್ಟಿವ್ ಪವರ್ ಕೊಟ್ಟು ಎತ್ತಲೂಬಹುದು. ಕೃಷಿ ಫೀಡರ್‌ಗೆ ಸೋಲಾರ್ ಜೋಡಿಸುವ ಯೋಜನೆಗಳಲ್ಲಿ ಇನ್ವರ್ಟರನ್ನು ಯೂನಿಟಿ ಪವರ್ ಫ್ಯಾಕ್ಟರ್‌ಗೆ (ಅಂದರೆ 1ಕ್ಕೆ, ರಿಯಾಕ್ಟಿವ್ ಪವರ್ ಶೂನ್ಯ) ಕಟ್ಟಿಹಾಕುವುದೆಂದರೆ ಕೈಗೆ ಬಂದ ನಿಯಂತ್ರಣವನ್ನು ಚೆಲ್ಲಿದಂತೆ.

ಮನೆಗಳ ಮೇಲಿನ ಸೋಲಾರ್‌ಗೆ ನಮ್ಮಲ್ಲಿ ಎರಡು ತೊಡಕುಗಳಿವೆ. ನಮ್ಮ ಟಿಸಿಗಳು 11,000/433 ವೋಲ್ಟ್‌ನವು. ಲೋಡ್ ಇಲ್ಲದಾಗ ಫೇಸ್‌ಗೆ 250 ವೋಲ್ಟ್ ಆಗಲೇ ಇರುತ್ತದೆ. 230 ವೋಲ್ಟ್ ಆಧಾರದ ಮೇಲೆ ಶೇ. 110ಕ್ಕೆ ಟ್ರಿಪ್ ಆಗುವಂತೆ ಹೊಂದಿಸಿದ ಇನ್ವರ್ಟರ್ 253ರಲ್ಲಿ ಬಿಟ್ಟುಹೋಗುತ್ತದೆ. ಉಳಿದ ಜಾಗ ಮೂರೇ ವೋಲ್ಟ್! ಬಿಸಿಲು ಚೆನ್ನಾಗಿರುವ ಮಧ್ಯಾಹ್ನ ಸೋಲಾರ್ ಪದೇಪದೇ ಟ್ರಿಪ್ ಆಗುತ್ತದೆಂದರೆ ಇನ್ವರ್ಟರನ್ನು ಬದಲಿಸುವ ಮೊದಲು ಟಿಸಿಯ ಟ್ಯಾಪ್ ನೋಡಬೇಕು. ಸಣ್ಣ ಟಿಸಿಗಳಲ್ಲಿ ಹಲವಕ್ಕೆ ಟ್ಯಾಪೇ ಇರುವುದಿಲ್ಲ. ಇನ್ನೊಂದು, ಸಿಂಗಲ್ ಫೇಸ್. ಅಷ್ಟೇ ಕಿಲೋವಾಟ್ ಒಂದೇ ಫೇಸ್‌ನಲ್ಲಿ ಹೋದರೆ ಕರೆಂಟ್ ಮೂರು ಪಟ್ಟು, ನ್ಯೂಟ್ರಲ್ ತಂತಿಯೂ ಸೇರಿ ದಾರಿ ಎರಡು ಪಟ್ಟು. ಒಟ್ಟು ಏರಿಕೆ ಆರು ಪಟ್ಟು. ನ್ಯೂಟ್ರಲ್ ತೆಳುವಾಗಿದ್ದರೆ ಇನ್ನೂ ಹೆಚ್ಚು. ಜರ್ಮನಿಯಲ್ಲಿ 4.6 ಕೆವಿಎ ಮೀರಿದ್ದನ್ನು ಒಂದೇ ಫೇಸ್‌ಗೆ ಜೋಡಿಸಲು ಬಿಡದಿರುವುದು ಇದಕ್ಕೇ.

ಅಳತೆಯ ವಿಷಯದಲ್ಲಿ ಜರ್ಮನಿ ಮುಂದಿದೆ ಎಂದು ಹೇಳಲಾರೆ. ಅಲ್ಲಿ ಸ್ಮಾರ್ಟ್ ಮೀಟರ್ ಅಳವಡಿಕೆ ನಿಧಾನ, ಎಲ್‌ಟಿ ಜಾಲ ಬಹಳ ಕಾಲ ಕಣ್ಣಿಗೆ ಕಾಣದೆಯೇ ನಡೆಯಿತು. ಭಾರತದ ಸ್ಮಾರ್ಟ್ ಮೀಟರ್ ಮಾತ್ರ ಪ್ರತಿ 15 ಅಥವಾ 30 ನಿಮಿಷದ ಸರಾಸರಿ ವೋಲ್ಟೇಜನ್ನು ಯೂನಿಟ್ ಲೆಕ್ಕದ ಜೊತೆಗೇ ಬರೆದಿಡುತ್ತದೆ. ಮೈಸೂರಿನ ವಿ.ವಿ. ಮೊಹಲ್ಲಾದಲ್ಲಿ ಅಲ್ಲಿನ ವಿದ್ಯುತ್ ಸರಬರಾಜು ಕಂಪನಿ ಚೆಸ್ಕಾಂ ನಡೆಸಿದ ಸ್ಮಾರ್ಟ್ ಗ್ರಿಡ್ ಪ್ರಯೋಗದಲ್ಲಿ 20 ಸಾವಿರಕ್ಕೂ ಹೆಚ್ಚು ಗ್ರಾಹಕರ ಜೊತೆ ಪಂಪ್‌ಸೆಟ್‌ಗಳೂ ಇದ್ದವು. ಇಂಥ ದತ್ತಾಂಶ ಬಿಲ್ ವಿಭಾಗದಲ್ಲೇ ನಿಲ್ಲದೆ ಸೆಕ್ಷನ್ ಆಫೀಸಿನ ಇಂಜಿನಿಯರ್ ಕೈಗೆ ಬರಬೇಕು.

ಬಂದರೆ ಏನು ಕಾಣುತ್ತದೆ? ಒಂದು ಟಿಸಿಯ ಎಲ್ಲ ಮೀಟರ್‌ಗಳೂ ಒಟ್ಟಿಗೆ ಇಳಿದರೆ ತೊಂದರೆ 11 ಕೆ.ವಿ. ಕಡೆಯದು, ಅಥವಾ ಟ್ಯಾಪ್‌ನದು. ಬಾಲದ ಮೀಟರ್‌ಗಳಷ್ಟೇ ಇಳಿದರೆ ತಂತಿಯದು, ಇಲ್ಲವೇ ಫೇಸ್‌ಗಳ ಹಂಚಿಕೆಯದು. ಒಂದು ಫೇಸ್ 270ಕ್ಕೆ ಏರುವ ಹೊತ್ತಿನಲ್ಲೇ ಇನ್ನೊಂದು 190ಕ್ಕೆ ಇಳಿದರೆ ಮೊದಲು ನ್ಯೂಟ್ರಲ್ ಜಾಯಿಂಟ್ ನೋಡಬೇಕು. ಇದನ್ನು ಲೋ ವೋಲ್ಟೇಜ್ ಎಂದುಕೊಂಡು ಟ್ಯಾಪ್ ಏರಿಸಿದರೆ 270ಕ್ಕೆ ಏರಿದ ಫೇಸ್‌ನ ಮನೆಗಳ ಟಿವಿ, ಫ್ರಿಜ್ ಸುಡುತ್ತವೆ. ಯಾವ ಮೀಟರ್ ಯಾವ ಟಿಸಿಗೆ, ಯಾವ ಫೇಸ್‌ಗೆ ಸೇರಿದ್ದು ಎಂಬ ಪಟ್ಟಿ ತಪ್ಪಿದ್ದರೆ ಇದೆಲ್ಲ ವ್ಯರ್ಥ. ಒಂದೇ ಫೇಸ್‌ನ ಮೀಟರ್‌ಗಳ ವೋಲ್ಟೇಜ್ ಒಟ್ಟಿಗೆ ಏರಿಳಿಯುವುದನ್ನು ಹೋಲಿಸಿ ಪಟ್ಟಿಯನ್ನು ತಿದ್ದಬಹುದು.

ನೇರ ನಿಯಂತ್ರಣಕ್ಕೆ 15 ನಿಮಿಷದ ದತ್ತಾಂಶ ತಡವಾಯಿತು. ಪ್ರತಿ ಫೀಡರ್‌ನ ಕೊನೆಯ ಟಿಸಿಯಿಂದ ನಿಮಿಷಕ್ಕೊಮ್ಮೆ ವೋಲ್ಟೇಜ್ ಕಳಿಸುವ ಮೋಡೆಮ್ ಇದ್ದರೆ ಸಬ್‌ಸ್ಟೇಷನ್ನಿನ ಟ್ಯಾಪ್ ಚೇಂಜರ್‌ಗೆ ಅದೇ ಆಧಾರ. ಫೀಡರ್ ಕರೆಂಟ್ ನೋಡಿ ತುದಿಯ ವೋಲ್ಟೇಜ್ ಊಹಿಸುವ ಹಳೆಯ ವಿಧಾನ ನಡುವೆ ಸೋಲಾರ್ ಸೇರಿದಾಗ ಮೋಸಹೋಗುತ್ತದೆ: ಕರೆಂಟ್ ಕಡಿಮೆಯಾದದ್ದನ್ನು ಕಂಡು ಲೋಡ್ ಇಳಿಯಿತೆಂದುಕೊಂಡು ವೋಲ್ಟೇಜ್ ತಗ್ಗಿಸಿಬಿಡುತ್ತದೆ. ಟ್ಯಾಪ್‌ನ ಒಂದು ಹೆಜ್ಜೆ ಶೇ. 1.25 ಇದ್ದರೆ ಟ್ಯಾಪಿಗೆ ಆದೇಶ ಕೊಡುವ ರಿಲೇಯ ಒಟ್ಟು ಬ್ಯಾಂಡ್ (ಅದು ಸುಮ್ಮನಿರುವ ವೋಲ್ಟೇಜ್ ವ್ಯಾಪ್ತಿ) ಶೇ. 2ಕ್ಕಿಂತ ಕಿರಿದಾಗಬಾರದು, ಇಲ್ಲವಾದರೆ ಟ್ಯಾಪ್ ಮೇಲೆ ಕೆಳಗೆ ಓಡಾಡಿ ಕಾಂಟ್ಯಾಕ್ಟ್ ಸವೆಯುತ್ತದೆ. ಸಬ್‌ಸ್ಟೇಷನ್ನಿನ ರಿಲೇಗೆ 30 ಸೆಕೆಂಡ್ ತಡೆ ಇಟ್ಟರೆ ಲೈನಿನ ದಾರಿಯಲ್ಲಿರುವ ವೋಲ್ಟೇಜ್ ರೆಗ್ಯುಲೇಟರ್‌ಗೆ 60 ಇಡಬೇಕು, ಮೇಲಿನದು ಮೊದಲು ಕೆಲಸ ಮಾಡಲಿ. ಸ್ವಿಚ್ ಕೆಪಾಸಿಟರನ್ನು ತೆಗೆದ ಮೇಲೆ ಅದರ ಚಾರ್ಜ್ ಇಳಿಯಲು ಐದು-ಹತ್ತು ನಿಮಿಷ ಬಿಟ್ಟೇ ಮತ್ತೆ ಸೇರಿಸಬೇಕು. ಮೋಡೆಮ್ ಮೌನವಾದರೆ ರಿಲೇ ಹಳೆಯ ಅಳತೆಯನ್ನೇ ನಂಬಿ ಕೂರದೆ, ಕೆಲವು ನಿಮಿಷಗಳಲ್ಲಿ ತಾನಾಗಿ ಸಬ್‌ಸ್ಟೇಷನ್ ಬಸ್ (ಫೀಡರ್‌ಗಳು ಹೊರಡುವ ಮುಖ್ಯ ವಾಹಕ) ವೋಲ್ಟೇಜಿಗೆ ಮರಳುವಂತಿರಬೇಕು. ಈ ಒಂದು ಷರತ್ತು ಟೆಂಡರ್‌ನಲ್ಲೇ ಇರಲಿ. ಸಿಗ್ನಲ್ ಸರಿಯಾಗಿ ಸಿಗದ ಹಳ್ಳಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಅದೇ.