ಫೆಬ್ರವರಿಯಲ್ಲಿ ಸುರಿದ ಮಳೆ

ಬೆಂಗಳೂರಿನಲ್ಲಿ ಫೆಬ್ರವರಿ ತಿಂಗಳಲ್ಲಿ ಮಳೆ ಅಪರೂಪ. ಆದರೆ ನಮ್ಮ ಸೈಟಿನಲ್ಲಿ ಹೋದ ಫೆಬ್ರವರಿಯಲ್ಲಿ ಹನ್ನೊಂದು ದಿನ ಮಳೆ ಸುರಿದಿದೆ. ಕಾಂಪೌಂಡಿನ ಆಚೆ ಒಂದು ಹನಿಯೂ ಬಿದ್ದಿಲ್ಲ. ಈಚೆ ಮಾತ್ರ ಸ್ಲ್ಯಾಬ್ ಕೆಲಸ ನಿಲ್ಲುವಷ್ಟು ಮಳೆ. ನಂಬಿಕೆ ಬರದಿದ್ದರೆ ಹೆಡ್ಡಾಫೀಸಿನ ಡ್ಯಾಶ್‌ಬೋರ್ಡ್, ಅಂದರೆ ಸೈಟಿನ ಲೆಕ್ಕವೆಲ್ಲ ತೋರಿಸುವ ಕಂಪ್ಯೂಟರ್ ಪರದೆ ನೋಡಿ. ನೀಲಿ ಬಣ್ಣದ ದೊಡ್ಡ ಪಟ್ಟಿ ಇದೆ. ಡೇಟಾ ಸುಳ್ಳು ಹೇಳುತ್ತಾ?

ನಾನು ಸೈಟ್ ಇಂಜಿನಿಯರ್. ಊರಾಚೆ ಒಂದು ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದೇವೆ. ಕಂಪನಿಯ ಹೆಸರು ಬೇಡ, ಎರಡು ತಿಂಗಳ ಸಂಬಳ ಇನ್ನೂ ಬರಬೇಕು.

ಡೇಟಾ ಬಂದದ್ದು ಎರಡು ವರ್ಷದ ಹಿಂದೆ. ಸ್ಟಿಕರ್ ಕೂಡ ಕೀಳದ ಹೊಸ ಹೆಲ್ಮೆಟ್ ಹಾಕಿಕೊಂಡು ನಾಲ್ಕು ಜನ ಸಲಹೆಗಾರರು ಬಂದರು. ಪರದೆ ಮೇಲೆ ಮೆಕಿನ್ಸಿ ಎಂಬ ಸಲಹಾ ಕಂಪನಿಯ 2017ರ ವರದಿ ತೋರಿಸಿದರು. ಇಪ್ಪತ್ತು ವರ್ಷದಲ್ಲಿ ಪ್ರಪಂಚದ ಕಾರ್ಖಾನೆಗಳ ಉತ್ಪಾದಕತೆ ವರ್ಷಕ್ಕೆ ಶೇ. 3.6ರಂತೆ ಏರಿದೆಯಂತೆ. ಕಟ್ಟಡ ಕಟ್ಟುವವರದ್ದು ಶೇ. 1 ಮಾತ್ರ. ಮಾತು ಸುಳ್ಳಲ್ಲ. ಒಂದು ಲೋಡು ಜಲ್ಲಿ ಬರಲಿಲ್ಲ ಅಂತ ಇಪ್ಪತ್ತು ಜನ ಮಧ್ಯಾಹ್ನದವರೆಗೆ ಸುಮ್ನೆ ಕೂತಿದ್ದನ್ನು ನಾನು ಎಷ್ಟು ಸಲ ನೋಡಿಲ್ಲ? ಇದಕ್ಕೆಲ್ಲ ಮದ್ದು ಡೇಟಾ ಅಂದರು. ಸರಿ ಅಂದೆವು. ಟೀ, ಬೋಂಡಾ ಚೆನ್ನಾಗಿತ್ತು.

ಮೊದಲು ಬಂದದ್ದು ಬೆರಳಚ್ಚಿನ ಹಾಜರಿ. ಹಿಂದೆ ಓದು ಬರಹ ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು. ಈಗ ಬಿ.ಇ. ಓದಿದ ನಾನೂ ಒತ್ತುತ್ತೇನೆ, ಅದೇ ಪ್ರಗತಿ. ತೊಂದರೆ ಏನಾಯಿತು ಅಂದರೆ, ವರ್ಷಗಟ್ಟಲೆ ಸಿಮೆಂಟು ಮುಟ್ಟಿದ ಕೈಯಲ್ಲಿ ಬೆರಳಿನ ಗೆರೆ ಉಳಿಯುವುದಿಲ್ಲ. ಸಿಮೆಂಟು ಚರ್ಮವನ್ನೇ ತಿನ್ನುತ್ತದೆ. ಯಾದಗಿರಿ ಕಡೆಯ ನಮ್ಮ ಗಾರೆ ಮೇಸ್ತ್ರಿ ಮೂವತ್ತು ವರ್ಷದಿಂದ ಕರಣೆ ಹಿಡಿದವನು. ಹತ್ತೂ ಬೆರಳು ಇಟ್ಟ. ಹತ್ತು ಸಲವೂ ಯಂತ್ರ ಕೆಂಪು ದೀಪ ಹಾಕಿತು.

"ಸರ, ನನ್ನ ಬೆರಳು ನನ್ನವಲ್ಲಂತರೀ" ಅಂದ. ಆಮೇಲೆ ಮೆಲ್ಲಗೆ, "ಕೈ ಸವಿಸಿ ದುಡಿದೋರ ಗುರ್ತು ಸಿಗಂಗಿಲ್ಲೇನ್ರೀ ಇದಕ್ಕ?" ಅಂತ ಕೇಳಿದ.

ಯಂತ್ರಕ್ಕೆ ಚೆನ್ನಾಗಿ ಗುರುತು ಸಿಕ್ಕಿದ್ದು ಗುತ್ತಿಗೆದಾರನ ಅಕ್ಕನ ಮಗನದ್ದು. ಬೆಳಿಗ್ಗೆ ಬಂದು ಒತ್ತಿ, ಟೀ ಅಂಗಡಿಯಲ್ಲಿ ಕೂತು, ಸಂಜೆ ಬಂದು ಮತ್ತೆ ಒತ್ತುವ ಹುಡುಗ. ಹೂವಿನಂಥ ಬೆರಳು. ಮೂರು ತಿಂಗಳು ಸತತವಾಗಿ ಅವನೇ ನಮ್ಮ ಸೈಟಿನ ಅತ್ಯುತ್ತಮ ಕೆಲಸಗಾರ. ಶಾಲು ಹೊದಿಸಿದವನು ನಾನೇ.

ಇನ್ನು ಡ್ರೋನ್. ಪ್ರತಿ ಮಂಗಳವಾರ ಹಾರುತ್ತದೆ. ಅಷ್ಟೆತ್ತರದಿಂದ ನೋಡಿ, ನಾಲ್ಕನೇ ಮಹಡಿಯ ಸ್ಲ್ಯಾಬ್ ಇನ್ನೂ ಆಗಿಲ್ಲ ಎಂದು ಪತ್ತೆ ಹಚ್ಚುತ್ತದೆ. ಸೆಂಟ್ರಿಂಗ್ ಹಲಗೆ ಮೇಲೆ ಕೂತು ಬೀಡಿ ಸೇದುತ್ತಿರುವ ಹದಿನಾಲ್ಕು ಜನಕ್ಕೂ ಅದು ಗೊತ್ತು. ಯಾಕೆ ಆಗಿಲ್ಲ ಅಂತಲೂ ಗೊತ್ತು. ಡ್ರೋನ್ ಅವರ ತಲೆ ಎಣಿಸುತ್ತದೆ, ಮಾತಾಡಿಸುವುದಿಲ್ಲ.

ಈಗ ಮಳೆಗೆ ಬರುತ್ತೇನೆ.

ಯಾವ ದಿನ ಕೆಲಸ ನಿಂತರೂ ಸಂಜೆಯೊಳಗೆ ಆ್ಯಪಿನಲ್ಲಿ ಕಾರಣ ತುಂಬಬೇಕು. ನಮಗೆ ಇಷ್ಟ ಬಂದಂತೆ ಬರೆಯುವಂತಿಲ್ಲ. ಪಟ್ಟಿ ಇದೆ, ಒಂದನ್ನು ಆರಿಸಬೇಕು. ಮಳೆ. ಕಾರ್ಮಿಕರ ಕೊರತೆ. ಹಬ್ಬ. ಇತರೆ. ಅಷ್ಟೇ. ಪಟ್ಟಿ ಮಾಡಿದ್ದು ಹೆಡ್ಡಾಫೀಸು. ಡ್ರಾಯಿಂಗ್ ಬಂದಿಲ್ಲ ಎಂಬುದು ಅದರಲ್ಲಿಲ್ಲ, ಯಾಕೆಂದರೆ ಡ್ರಾಯಿಂಗ್ ಕಳಿಸಬೇಕಾದದ್ದು ಹೆಡ್ಡಾಫೀಸು. ಜಲ್ಲಿಯವನ ಹಳೇ ಬಾಕಿ ಕೊಟ್ಟಿಲ್ಲ, ಹಾಗಾಗಿ ಲಾರಿ ಗೇಟಿನಿಂದಲೇ ವಾಪಸ್ ಹೋಯಿತು ಎಂಬುದೂ ಇಲ್ಲ. ಕಾರಣ ನಿಮಗೇ ಹೊಳೆದಿರಬೇಕು.

ಕಲಸಿದ ಕಾಂಕ್ರೀಟನ್ನೇ ಹೊತ್ತು ತರುವ ರೆಡಿಮಿಕ್ಸ್ ಲಾರಿಯದ್ದು ಇನ್ನೊಂದು ಕಥೆ. ಡ್ರಮ್ಮಿಗೆ ತುಂಬಿದ ಎರಡು ಗಂಟೆಯೊಳಗೆ ಕಾಂಕ್ರೀಟ್ ಸುರಿದುಬಿಡಬೇಕು ಎಂದು ಭಾರತೀಯ ಮಾನಕ ಹೇಳುತ್ತದೆ. ನಮ್ಮೂರ ಟ್ರಾಫಿಕ್ ಆ ಮಾನಕ ಓದಿಲ್ಲ. ಲಾರಿ ಬಂದಾಗ ಪಂಪು ಬಂದಿರುವುದಿಲ್ಲ, ಪಂಪು ಬಂದಾಗ ಕಾಂಕ್ರೀಟು ಡ್ರಮ್ಮಿನಲ್ಲೇ ಗಟ್ಟಿಯಾಗುತ್ತಿರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಮಾತ್ರ 'ತಲುಪಿದೆ' ಎಂದು ಹಸಿರು ಟಿಕ್ ಬಿದ್ದಿರುತ್ತದೆ. ಲಾರಿ ತಲುಪಿದ್ದು ನಿಜ ತಾನೇ?

'ಇತರೆ' ಆರಿಸಬಹುದಲ್ವಾ ಅಂತೀರಿ. ಒಂದು ಸಲ ಆರಿಸಿದೆ. ಮುನ್ನೂರು ಅಕ್ಷರದಲ್ಲಿ ವಿವರಣೆ ಕೇಳಿತು, ಮೂರು ಫೋಟೊ ಕೇಳಿತು, ರಾತ್ರಿ ಒಂಬತ್ತಕ್ಕೆ ಮೇಲಿನಿಂದ ಫೋನು ಬಂತು. 'ಕಾರ್ಮಿಕರ ಕೊರತೆ' ಅಂದರೆ ಗುತ್ತಿಗೆದಾರನಿಗೆ ದಂಡ, ಅವನು ಜಗಳಕ್ಕೆ ಬರುತ್ತಾನೆ. 'ಹಬ್ಬ' ಅಂದರೆ ಕ್ಯಾಲೆಂಡರಿಗೆ ತಾಳೆ ಹಾಕುತ್ತದೆ. ಯಾರೂ ಜಗಳಕ್ಕೆ ಬಾರದ, ಯಾರಿಗೂ ಫೋನು ಹೋಗದ ಒಂದೇ ಕಾರಣ ವರುಣದೇವ. ಹೀಗೆ ನಮ್ಮಲ್ಲಿ ಫೆಬ್ರವರಿಯಲ್ಲಿ ಮಳೆಯಾಯಿತು. ಮಾರ್ಚಿನಲ್ಲಿ ಇನ್ನೂ ಜಾಸ್ತಿ.

ಸಲಹೆಗಾರರು ಈ ಡೇಟಾವನ್ನು ಕೃತಕ ಬುದ್ಧಿಮತ್ತೆಗೆ ಉಣಿಸಿದರು. ಅದು ಜೀರ್ಣಿಸಿಕೊಂಡು, ವಿಳಂಬದ ಮುಕ್ಕಾಲು ಪಾಲು ಮಳೆಯಿಂದ ಎಂದಿತು. ತಕ್ಷಣ ಇನ್ನೂರು ಟಾರ್ಪಾಲು ಖರೀದಿಯಾಯಿತು. ಜಲ್ಲಿಯವನ ಬಾಕಿಗೆ ದುಡ್ಡಿರಲಿಲ್ಲ, ಟಾರ್ಪಾಲಿಗೆ ಇತ್ತು. ಅವನ್ನು ಏನು ಮಾಡುವುದೆಂದು ತಿಳಿಯದೆ ಕೂಲಿಯವರ ಶೆಡ್ಡುಗಳ ಮೇಲೆ ಹೊದಿಸಿದೆವು. ಇಡೀ ಡೇಟಾ ಕ್ರಾಂತಿಯಲ್ಲಿ ದುಡಿಯುವವರಿಗೆ ಸಿಕ್ಕಿದ್ದು ಅದೊಂದೇ.

ಸುಳ್ಳು ಲೆಕ್ಕ ಬರೆಯುವುದು ನಮ್ಮ ಉದ್ಯಮಕ್ಕೆ ಹೊಸದೇನಲ್ಲ ಬಿಡಿ. ಪಿಡಬ್ಲ್ಯುಡಿಯ ಅಳತೆ ಪುಸ್ತಕಕ್ಕೆ ಎಷ್ಟು ಮಡಿ ಗೊತ್ತಾ? ಪ್ರತಿ ಪುಟಕ್ಕೂ ಅಚ್ಚು ಹಾಕಿದ ನಂಬರು, ಹಾಳೆ ಹರಿಯುವಂತಿಲ್ಲ, ಶಾಯಿಯಲ್ಲೇ ಬರೆಯಬೇಕು, ಅಳಿಸುವಂತಿಲ್ಲ. ಇಷ್ಟು ಮಡಿಯಲ್ಲಿದ್ದೂ ಇಲ್ಲದ ರಸ್ತೆಯನ್ನು ಅಳೆದು ಬರೆದವರು ಇದ್ದಾರೆ. 28 ದಿನ ಕಾದು ಒಡೆದು ನೋಡಬೇಕಾದ ಕಾಂಕ್ರೀಟ್ ಕ್ಯೂಬಿನ ಫಲಿತಾಂಶವನ್ನು ಎರಡನೇ ದಿನವೇ ತುಂಬಿಟ್ಟ ರಿಜಿಸ್ಟರನ್ನು ನಾನೇ ನೋಡಿದ್ದೇನೆ. ಆಗ ಅದನ್ನು ಕಳ್ಳಲೆಕ್ಕ ಅನ್ನುತ್ತಿದ್ದೆವು. ಈಗ ಪ್ರೆಡಿಕ್ಟಿವ್ ಅನಲಿಟಿಕ್ಸ್, ಅಂದರೆ ಮುಂದಾಗುವುದನ್ನು ಡೇಟಾದಿಂದ ಮೊದಲೇ ಹೇಳುವ ವಿದ್ಯೆ ಅಂತಾರೆ.

ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಜಾಸ್ತಿಯಾದಾಗ ಇನ್ನೊಂದು ಮೀಟಿಂಗ್ ನಡೆಯಿತು. ಕೆಂಪು ನೋಡಿದರೆ ಹುಮ್ಮಸ್ಸು ಹೋಗುತ್ತದೆ ಎಂದರು. ಗಡುವನ್ನು ನಾಲ್ಕು ತಿಂಗಳು ಮುಂದಕ್ಕೆ ಹಾಕಿದರು. ಮಧ್ಯಾಹ್ನ ಮೂರು ಗಂಟೆಗೆ ಎಲ್ಲ ಹಸಿರು. ಒಂದು ಇಟ್ಟಿಗೆ ಇಡದೆ ನಾವು ವೇಳಾಪಟ್ಟಿಗಿಂತ ಒಂದು ವಾರ ಮುಂದಿದ್ದೆವು!

ನಮ್ಮ ಕಂಪನಿ ಮಾತ್ರ ಹೀಗೆ ಅಂತ ನಗಬೇಡಿ. ₹150 ಕೋಟಿ ಮತ್ತು ಅದಕ್ಕಿಂತ ದೊಡ್ಡ ಯೋಜನೆಗಳ ಲೆಕ್ಕವನ್ನು ಕೇಂದ್ರದ ಅಂಕಿಅಂಶ ಸಚಿವಾಲಯ ಇಡುತ್ತದೆ. 2024ರ ಮಾರ್ಚಿನ ವರದಿಯಲ್ಲಿ 1,873 ಯೋಜನೆಗಳಿದ್ದವು. ಅದರಲ್ಲಿ 779 ತಡ. 449 ಯೋಜನೆಗಳ ಖರ್ಚು ಮಿತಿ ದಾಟಿತ್ತು, ಹಾಗೆ ದಾಟಿದ ಮೊತ್ತ ₹5 ಲಕ್ಷ ಕೋಟಿಗೂ ಹೆಚ್ಚು. ನನಗೆ ಇಷ್ಟವಾದದ್ದು ಈ ಅಂಕಿಗಳಲ್ಲ, ಈ ವರದಿಗಳಲ್ಲಿ ಬರುವ ಒಂದು ಸಾಲು. ಹೊಸದಾಗಿ ನಿಗದಿಯಾದ ಗಡುವಿನ ಪ್ರಕಾರ ಲೆಕ್ಕ ಹಾಕಿದರೆ ತಡವಾದ ಯೋಜನೆಗಳ ಸಂಖ್ಯೆ ಕಡಿಮೆಯಾಗುತ್ತದಂತೆ. ಕಡಿಮೆಯಾಗದೆ ಇನ್ನೇನು? ವರ ಎರಡು ಗಂಟೆ ತಡವಾಗಿ ಬಂದ. ಲಗ್ನಪತ್ರಿಕೆಯಲ್ಲಿ ಮುಹೂರ್ತ ತಿದ್ದಿದರೆ ಅವನು ತಡವಾಗಿಲ್ಲ. ಹಸಿದು ಕೂತ ನೆಂಟರದ್ದೇ ಅವಸರ.

ಹೀಗೆ ನೋಡಿದರೆ ನಮ್ಮ ಈಜಿಪುರ ಫ್ಲೈಓವರ್ ಮೇಲೂ ಕೋಪ ಇಳಿಯುತ್ತದೆ. ಎರಡೂವರೆ ಕಿಲೋಮೀಟರ್ ಸೇತುವೆ. 2017ರಲ್ಲಿ ಶುರು, 2019ಕ್ಕೆ ಮುಗಿಯಬೇಕಿತ್ತು. 2022ರಲ್ಲಿ ಗುತ್ತಿಗೆ ರದ್ದಾಯಿತು, 2023ರಲ್ಲಿ ಹೊಸ ಗುತ್ತಿಗೆದಾರ ಬಂದ, ಆಮೇಲೆ ಗಡುವಿನ ಮೇಲೆ ಗಡುವು. ಕೋರಮಂಗಲದ ಜನ ಮೊದಲ ಗಡುವನ್ನು ನೆನಪಿಟ್ಟುಕೊಂಡಿದ್ದೇ ತಪ್ಪು. ಕೊನೇ ಗಡುವೊಂದನ್ನೇ ನೆನಪಿಟ್ಟುಕೊಂಡಿದ್ದರೆ ಅದು ಯಾವತ್ತೂ ಕೆಲವು ತಿಂಗಳಿಗಿಂತ ಜಾಸ್ತಿ ತಡವಾಗಿಲ್ಲ.

ಹಳ್ಳಿ ಕಡೆಯೂ ಇದೇ ಪಾಡು. ನರೇಗಾ ಕಾಮಗಾರಿಗೆ 2021ರಲ್ಲಿ ಒಂದು ಹಾಜರಿ ಆ್ಯಪ್ ಬಂತು. 2023ರ ಜನವರಿ 1ರಿಂದ ಕಡ್ಡಾಯವಾಯಿತು. ದಿನಕ್ಕೆ ಎರಡು ಸಲ ಕೂಲಿಯವರ ಫೋಟೊ ಏರಿಸಬೇಕಿತ್ತು. 2025ರ ಜುಲೈಯಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ, ಏನೇನು ಫೋಟೊ ಬರುತ್ತಿತ್ತು ಎಂದು ಪಟ್ಟಿ ಕೊಟ್ಟಿತು. ಕೆಲಸಕ್ಕೆ ಸಂಬಂಧವೇ ಇಲ್ಲದ ಫೋಟೊ. ಒಂದೇ ಮುಖ ಹಲವು ಹಾಜರಿ ಪಟ್ಟಿಯಲ್ಲಿ. ಎಲ್ಲಕ್ಕಿಂತ ಚಂದದ್ದು, ಫೋಟೊದ ಫೋಟೊ. ಪರಿಹಾರ? ಬಂದ ಎಲ್ಲ ಫೋಟೊಗಳನ್ನೂ ಪಂಚಾಯಿತಿಯವರು ಕೂತು ಪರಿಶೀಲಿಸಬೇಕು ಎಂದಿತು! ಕೆರೆಯಲ್ಲಿ ಹೂಳು ತೆಗೆದರೋ ಇಲ್ಲವೋ ಅಂತ ಕೆರೆಗೆ ಹೋಗಿ ನೋಡಿ ಬರುವಷ್ಟು ಹೊತ್ತಿನಲ್ಲಿ ಮೊಬೈಲು ನೋಡಬೇಕಿತ್ತು.

ನಮ್ಮ ಮೇಸ್ತ್ರಿ ಹತ್ತಿರ ಒಂದು ನೋಟ್‌ಬುಕ್ ಇದೆ. ರಟ್ಟು ಹರಿದಿದೆ, ಗಾರೆ ಮೆತ್ತಿದೆ. ಒಂದು ದಿನ ತಿರುವಿ ನೋಡಿದೆ. 'ಸೋಮವಾರ: ಸ್ಲ್ಯಾಬ್ ಅಂದ್ರು. ಕಂಬಿ ಬಂದಿಲ್ಲ. 12 ಜನ ಖಾಲಿ.' 'ಮಂಗಳವಾರ: ಬಾತ್‌ರೂಮ್ ಎಲ್ಲಿ ಅಂತ ನಕ್ಷೆ ಇಲ್ಲ. ಅರ್ಧ ದಿನ.' 'ಬುಧವಾರ: ಮೊನ್ನೆ ಕಟ್ಟಿದ ಗೋಡೆ ಒಡಿ ಅಂದ್ರು. ಒಡೆದೆ.' ನಾವು ಲಕ್ಷಗಟ್ಟಲೆ ಕೊಟ್ಟು ಹುಡುಕುತ್ತಿದ್ದದ್ದು ಹತ್ತು ರೂಪಾಯಿಯ ಪೆನ್ನಿನಲ್ಲಿ ಬರೆದಿತ್ತು.

1990ರ ದಶಕದಲ್ಲಿ ಅಮೆರಿಕದ ಗ್ಲೆನ್ ಬಲ್ಲಾರ್ಡ್, ಗ್ರೆಗ್ ಹೋವೆಲ್ ಎಂಬಿಬ್ಬರು ಸೈಟುಗಳಲ್ಲಿ ಇದನ್ನೇ ಎಣಿಸಿ ನೋಡಿದ್ದರು. ಈ ವಾರ ಮಾಡುತ್ತೇವೆ ಅಂದ ಕೆಲಸದಲ್ಲಿ ವಾರದ ಕೊನೆಗೆ ಆಗಿರುತ್ತಿದ್ದದ್ದು ಹೆಚ್ಚುಕಡಿಮೆ ಅರ್ಧ. ಅಂದದ್ದೆಷ್ಟು, ಆದದ್ದೆಷ್ಟು, ಆಗದಿದ್ದರೆ ಯಾಕೆ. ಕೆಲಸ ಮಾಡುವವರನ್ನೇ ಕೂರಿಸಿಕೊಂಡು ವಾರವಾರ ಇದನ್ನು ಕೇಳುವ ಪದ್ಧತಿ ಅಲ್ಲಿಂದ ಬೆಳೆಯಿತು. ಮೇಸ್ತ್ರಿಗೆ ಇವರ ಹೆಸರು ಗೊತ್ತಿಲ್ಲ. ಅವನು ಬರೆಯುವುದು ಶನಿವಾರದ ಬಟವಾಡೆಗೆ. ಖಾಲಿ ಕೂತ ಹನ್ನೆರಡು ಜನಕ್ಕೂ ಅವನು ಏನಾದರೂ ಕೊಡಬೇಕು. ತಪ್ಪು ಬರೆದರೆ ಅವನ ಜೇಬಿಗೇ ಕತ್ತರಿ. ಡ್ಯಾಶ್‌ಬೋರ್ಡಿನಲ್ಲಿ ತಪ್ಪು ಬರೆದರೆ ನಮಗೆ ಟಾರ್ಪಾಲು ಬರುತ್ತದೆ.

ನೋಟ್‌ಬುಕ್ಕಿನ ವಿಷಯ ಸಲಹೆಗಾರರಿಗೆ ಹೇಳಿದೆ. ಬಹಳ ಖುಷಿಪಟ್ಟರು. "ಸರ್, ಇದನ್ನೂ ಡಿಜಿಟಲ್ ಮಾಡಿಬಿಡೋಣ" ಅಂದರು. ಮಾಡಿದರು. ಮೇಸ್ತ್ರಿ ಫೋನಿಗೂ ಈಗ ಆ್ಯಪ್ ಇದೆ. ಅದರಲ್ಲೂ ಅದೇ ಪಟ್ಟಿ.

ಮೇ ತಿಂಗಳಲ್ಲಿ ಹೆಡ್ಡಾಫೀಸಿಗೆ ಕೊನೆಗೂ ಅನುಮಾನ ಬಂತು. ಸೈಟಿನವರು ಮಳೆಯನ್ನು ದುರುಪಯೋಗ ಮಾಡಿಕೊಳ್ಳುತ್ತಿದ್ದಾರೆ ಎಂದು ಮೇಲ್ ಬಂತು. ಅನುಮಾನ ಸರಿಯಾದದ್ದೇ. ಅವರು ಕಾರಣ ಹುಡುಕಲಿಲ್ಲ, ಪಟ್ಟಿಯಿಂದ ಮಳೆಯನ್ನೇ ತೆಗೆದುಹಾಕಿದರು.

ಜುಲೈಯಲ್ಲಿ ಮಳೆ ಹಿಡಿಯಿತು. ನಿಜವಾದ ಮಳೆ. ಎರಡು ದಿನ ಬಿಡಲಿಲ್ಲ. ಹೊಸದಾಗಿ ಹಾಕಿದ ಸ್ಲ್ಯಾಬಿನ ಸಿಮೆಂಟು ಹಾಲು ತೊಳೆದು ಹೋಗುತ್ತಿತ್ತು. ಮುಚ್ಚಲು ಟಾರ್ಪಾಲು ಬೇಕು ಅಂತ ಓಡಿದರೆ, ಇನ್ನೂರೂ ಶೆಡ್ಡುಗಳ ಮೇಲಿದ್ದವು. ಮಕ್ಕಳು ಮಲಗಿದ್ದ ಶೆಡ್ಡಿನಿಂದ ಎಳೆಯಲು ಯಾರಿಗೂ ಮನಸ್ಸು ಬರಲಿಲ್ಲ. ಕೆಲಸ ನಿಂತಿತು. ನಲವತ್ತು ಜನ ಬೇಸ್‌ಮೆಂಟಿನಲ್ಲಿ ಒದ್ದೆಯಾಗಿ ಕೂತಿದ್ದರು.

ಸಂಜೆ ಆ್ಯಪ್ ತೆರೆದೆ. ಕಾರಣ ಆರಿಸಿ ಎಂದಿತು. 'ಕಾರ್ಮಿಕರ ಕೊರತೆ' ಒತ್ತಿದೆ. ಪುರಾವೆಗೆ ಫೋಟೊ ಕೇಳಿತು. ಬೇಸ್‌ಮೆಂಟಿನ ಕಡೆ ಫೋನು ತಿರುಗಿಸಿದೆ. ನಲವತ್ತೂ ಜನ ಚೌಕಟ್ಟಿನೊಳಗೆ ಬಂದರು, ಹಿಂದಿನ ಸಾಲಿನವರು ಎದ್ದು ನಿಂತು ಕೂದಲು ಸರಿ ಮಾಡಿಕೊಂಡರು. ಫೋಟೊ ಹೋಯಿತು. ಹಸಿರು ಟಿಕ್ ಬಿತ್ತು.

ಮೇಸ್ತ್ರಿ ಗೋಣಿಚೀಲ ತಲೆಗೆ ಹಾಕಿಕೊಂಡು ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದ. "ಏನಂತ ಹಾಕಿದ್ರಿ ಸರ?" ಅಂದ. ಹೇಳಿದೆ. ಅವನು ನಲವತ್ತು ಜನರನ್ನು ಒಂದು ಸಲ ನೋಡಿದ, ನನ್ನನ್ನು ಒಂದು ಸಲ ನೋಡಿದ. ಆಮೇಲೆ ಅಂಗಿಯೊಳಗಿನಿಂದ ನೋಟ್‌ಬುಕ್ ತೆಗೆದು, ಪೆನ್ನನ್ನು ಬಾಯಿಯಿಂದ ಊದಿ, 'ಮಳಿ' ಅಂತ ಬರೆದುಕೊಂಡ.